ಹಳೆಯ ಪುಟವೇ ಚೆನ್ನಾಗಿತ್ತು, ಮೇಡಂ

ಕಳೆದ ವರ್ಷ ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನಕ್ಕೆ ಇನ್ನು ಎರಡೇ ದಿನ ಇತ್ತು. ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಸಂಜೆ ಕಂಪ್ಯೂಟರ್ ಲ್ಯಾಬಿಗೆ ಬಂದಳು. ಕೈಯಲ್ಲಿ ಅಪ್ಪನ ಮೊಬೈಲ್. "ಮೇಡಂ, ಇದರಲ್ಲಿ ರಿನ್ಯೂವಲ್ ಎಲ್ಲಿದೆ? ಮೂರು ದಿನದಿಂದ ಹುಡುಕುತ್ತಾ ಇದ್ದೇನೆ" ಅಂದಳು.

ಆ ಜಾಲತಾಣದ ಹೆಸರು ಇಲ್ಲಿ ಬೇಡ. ಅದು ಆ ವರ್ಷವಷ್ಟೇ ಹೊಸ ರೂಪ ಪಡೆದಿತ್ತು. ನಾನೇ ಕೆಲವು ದಿನಗಳ ಹಿಂದೆ ವೆಬ್ ಪುಟ ಮಾಡುವುದನ್ನು ಕಲಿಸುವಾಗ ಅದನ್ನು ಪರದೆಯ ಮೇಲೆ ತೋರಿಸಿ, "ನೋಡಿ, ಎಷ್ಟು ಸ್ವಚ್ಛವಾಗಿದೆ, ಪುಟ ಅಂದರೆ ಹೀಗಿರಬೇಕು" ಎಂದು ಹೊಗಳಿದ್ದೆ. ಪುಟದ ತುಂಬ ನಗುವ ವಿದ್ಯಾರ್ಥಿಗಳ ದೊಡ್ಡ ಫೋಟೋ, ಅದರ ಕೆಳಗೆ ಮೂರು ದುಂಡು ಚಿತ್ರಗಳು, ನಡುವೆ 'ಅರ್ಜಿ ಸಲ್ಲಿಸಿ' ಎಂಬ ಒಂದೇ ಒಂದು ಗುಂಡಿ. ಹಿಂದಿನ ಪುಟ ಹಾಗಿರಲಿಲ್ಲ. ನೀಲಿ ಅಕ್ಷರದ ಕೊಂಡಿಗಳು, ಅವುಗಳ ಕೆಳಗೆ ಗೆರೆ, ಮೇಲ್ಗಡೆ ಕೆಂಪಕ್ಷರದಲ್ಲಿ ಓಡುವ ಸೂಚನೆ, ನಡುವೆ ಒಂದು ಉದ್ದನೆಯ ಟೇಬಲ್. ನೋಡಲು ಚಂದವಿರಲಿಲ್ಲ, ನಿಜ. ಆದರೆ ಆ ಟೇಬಲ್ಲಿನಲ್ಲಿ ಯೋಜನೆಯ ಹೆಸರು, ಯಾರಿಗೆ, ಯಾವ ದಾಖಲೆ ಬೇಕು, ಕೊನೆಯ ದಿನಾಂಕ ಯಾವುದು ಎಲ್ಲವೂ ಒಂದೇ ಸಾಲಿನಲ್ಲಿರುತ್ತಿತ್ತು. ಸಾಲಿನ ಕೊನೆಯಲ್ಲಿ ಎರಡು ಪದಗಳು ಅಕ್ಕಪಕ್ಕ: ಫ್ರೆಶ್, ರಿನ್ಯೂವಲ್.

ಹೊಸ ಪುಟದಲ್ಲಿ ಈ ಎರಡನೆಯ ಪದ ಕಣ್ಣಿಗೆ ಬೀಳುವ ಜಾಗದಲ್ಲೇ ಇರಲಿಲ್ಲ. ಮೇಲಿನ ಮೂಲೆಯ ಮೂರು ಗೆರೆ ಒತ್ತಬೇಕು, 'ಸೇವೆಗಳು' ತೆರೆಯಬೇಕು, ಅಲ್ಲಿಂದ ಲಾಗಿನ್ ಆಗಬೇಕು, ನಂತರ ಹಿಂದಿನ ವರ್ಷವನ್ನು ಆರಿಸಬೇಕು, ಆಮೇಲೆ ಅದು ಕಾಣುತ್ತದೆ. ಲ್ಯಾಬಿನಲ್ಲಿ ಇಬ್ಬರೂ ಕೂತು ಹುಡುಕಿದ್ದರಿಂದ ಕೆಲಸ ಆಯಿತು. ಹೋಗುವಾಗ ಆಕೆ ಹೇಳಿದ ಮಾತೇ ಈ ಲೇಖನದ ತಲೆಬರಹ.

ಆದರೆ ನನ್ನನ್ನು ಈ ವಿಷಯ ಓದಲು ಕೂರಿಸಿದ್ದು ಅವಳಲ್ಲ, ಇನ್ನೊಬ್ಬ ಹುಡುಗ. ಅವನು ನನ್ನ ಬಳಿ ಬರಲಿಲ್ಲ. ಕಣ್ಣಿಗೆ ಕಂಡದ್ದು ಒಂದೇ ಗುಂಡಿ, ಅದನ್ನೇ ಒತ್ತಿ ಹೊಸ ಅರ್ಜಿ ಹಾಕಿದ. ಒಬ್ಬನ ಹೆಸರಿನಲ್ಲಿ ಎರಡು ದಾಖಲೆ ಎಂದು ಅರ್ಜಿ ತಿರಸ್ಕೃತವಾಯಿತು. ನಮಗೆ ತಿಳಿಯುವಾಗ ಕೊನೆಯ ದಿನ ದಾಟಿತ್ತು. ಆ ವರ್ಷದ ಹಾಸ್ಟೆಲ್ ಶುಲ್ಕವನ್ನು ಮನೆಯವರು ಸಾಲ ಮಾಡಿ ಕಟ್ಟಿದರು. ಚಂದದ ಪುಟ ಎಂದು ನಾನು ತರಗತಿಯಲ್ಲಿ ಹೊಗಳಿದಾಗ ಅವನೂ ಬೆಂಚಿನಲ್ಲಿ ಕೂತು ಕೇಳಿದ್ದ.

ಹೊಸ ವಿನ್ಯಾಸ ಬಂದಾಗಲೆಲ್ಲ ಜನ 'ಹಳೆಯದೇ ಚೆನ್ನಾಗಿತ್ತು' ಎನ್ನುವುದು ಬರೀ ಹಟವೇ, ಅಥವಾ ಅದರಲ್ಲಿ ಹುರುಳಿದೆಯೇ? ಕಂಪ್ಯೂಟರ್ ಕಲಿಸುವವಳಾಗಿ ನಾನು ಇಷ್ಟು ಕಾಲ ಮೊದಲನೆಯದನ್ನೇ ನಂಬಿದ್ದೆ.

ರೈಲ್ವೆ ವೇಳಾಪಟ್ಟಿಯಿಂದ ಶುರು ಮಾಡೋಣ

ಭಾರತೀಯ ರೈಲ್ವೆಯ 'ಟ್ರೈನ್ಸ್ ಎಟ್ ಎ ಗ್ಲಾನ್ಸ್' ಪುಸ್ತಕವನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿರಲಿಕ್ಕಿಲ್ಲ. ಮನೆಯ ಹಿರಿಯರನ್ನು ಕೇಳಿ. ಬದಿಯಲ್ಲಿ ನಿಲ್ದಾಣಗಳ ಹೆಸರು ಒಂದರ ಕೆಳಗೊಂದು, ಮೇಲ್ಗಡೆ ರೈಲುಗಳ ಸಂಖ್ಯೆ ಒಂದರ ಪಕ್ಕ ಒಂದು, ನಡುವೆ ಪುಟದ ತುಂಬ ಸಣ್ಣ ಸಣ್ಣ ಅಂಕಿಗಳು. ಮೊದಲ ಸಲ ನೋಡಿದವರಿಗೆ ತಲೆ ಸುತ್ತುತ್ತದೆ. ಓದಲು ಕಲಿತ ಮೇಲೆ ಅಲ್ಲಿ ಒಂದು ಅದ್ಭುತ ನಡೆಯುತ್ತದೆ. ಯಾವ ರೈಲು ಬೇಗ ಹೊರಡುತ್ತದೆ, ಯಾವುದು ತಡವಾಗಿ ಹೊರಟರೂ ಮೊದಲು ತಲುಪುತ್ತದೆ, ಯಾವುದು ನಮ್ಮೂರಲ್ಲಿ ನಿಲ್ಲುವುದಿಲ್ಲ, ಈ ಮೂರು ಪ್ರಶ್ನೆಗೂ ಕಣ್ಣನ್ನು ಅಡ್ಡ ಒಮ್ಮೆ, ಉದ್ದಕ್ಕೆ ಒಮ್ಮೆ ಹಾಯಿಸಿದರೆ ಉತ್ತರ ಸಿಗುತ್ತದೆ.

ಇದೇ ಮಾಹಿತಿ ಮೊಬೈಲಿನಲ್ಲಿ ಒಂದು ಪರದೆಗೆ ಒಂದು ರೈಲಿನಂತೆ ಬಂದರೆ? ಮೊದಲನೆಯದನ್ನು ನೋಡಿ, ಸಮಯ ನೆನಪಿಟ್ಟುಕೊಂಡು, ಹಿಂದೆ ಬಂದು, ಎರಡನೆಯದನ್ನು ತೆರೆಯಬೇಕು. ಮೂರನೆಯದಕ್ಕೆ ಹೋಗುವಾಗ ಮೊದಲನೆಯದು ಮರೆತಿರುತ್ತದೆ. ಕಣ್ಣು ಮಾಡುತ್ತಿದ್ದ ಕೆಲಸವನ್ನು ನೆನಪಿನ ಮೇಲೆ ಹೊರಿಸಿದ ಹಾಗಾಯಿತು.

ನೆನಪಿನ ಬುಟ್ಟಿಯಾದರೋ ಬಹಳ ಚಿಕ್ಕದು. ಅಮೆರಿಕದ ಮನಃಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ, ನಾವು ತಕ್ಷಣದ ನೆನಪಿನಲ್ಲಿ ಒಮ್ಮೆಗೆ ಸುಮಾರು 7 ಅಂಶಗಳನ್ನು, ಎರಡು ಹೆಚ್ಚು ಅಥವಾ ಎರಡು ಕಡಿಮೆ, ಹಿಡಿದಿಡಬಲ್ಲೆವು ಎಂದು ತೋರಿಸಿದರು. 2001ರಲ್ಲಿ ನೆಲ್ಸನ್ ಕೋವನ್ ಎಂಬ ಸಂಶೋಧಕರು ಅದನ್ನು ಇನ್ನೂ ಇಳಿಸಿ ಸುಮಾರು 4 ಎಂದರು. ಒಂದು ತಮಾಷೆ ಇದೆ. ಮಿಲ್ಲರ್ ಅವರ ಈ 7ನ್ನೇ ಹಿಡಿದುಕೊಂಡು 'ಪುಟದಲ್ಲಿ ಏಳಕ್ಕಿಂತ ಹೆಚ್ಚು ಆಯ್ಕೆ ಇರಕೂಡದು' ಎಂದು ವಾದಿಸುವವರಿದ್ದಾರೆ. ಇದು ತಲೆಕೆಳಗಾದ ಓದು. ಕಣ್ಣೆದುರು ಇರುವುದನ್ನು ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಮುಚ್ಚಿಟ್ಟದ್ದನ್ನು ತಾನೇ ನೆನಪಿಡಬೇಕಾದ್ದು? ನೆನಪು ಚಿಕ್ಕದು ಎಂಬುದೇ ಹೆಚ್ಚು ಸಂಗತಿಗಳನ್ನು ಕಣ್ಣೆದುರು ಇಡಲು ಕಾರಣವಾಗಬೇಕು.

ಅಂಕಿಅಂಶಗಳನ್ನು ಚಿತ್ರಿಸುವ ಬಗೆಯ ಬಗ್ಗೆ ಎಡ್ವರ್ಡ್ ಟಫ್ಟೆ 1983ರಲ್ಲೂ 1990ರಲ್ಲೂ ಪ್ರಕಟಿಸಿದ ಎರಡು ಪುಸ್ತಕಗಳು ಈ ವಿಷಯದಲ್ಲಿ ಹೆಸರುವಾಸಿ. ಹೋಲಿಸಬೇಕಾದವು ಜಾಗದಲ್ಲಿ ಪಕ್ಕಪಕ್ಕ ಇರಬೇಕು, ಕಾಲದಲ್ಲಿ ಒಂದರ ಹಿಂದೊಂದು ಬರಬಾರದು ಎಂಬುದು ಅವರ ವಾದದ ಒಂದು ಮುಖ್ಯ ಎಳೆ. ಹಾಗೆಯೇ ಜೇಕಬ್ ನೀಲ್ಸನ್ 1994ರಲ್ಲಿ ಕೊಟ್ಟ ಹತ್ತು ಸೂತ್ರಗಳಲ್ಲಿ ಒಂದು, ಬಳಸುವವರು ನೆನಪಿನಿಂದ ತೆಗೆಯುವಂತೆ ಮಾಡಬೇಡಿ, ಕಂಡು ಗುರುತಿಸುವಂತೆ ಮಾಡಿ ಎನ್ನುತ್ತದೆ. ನಿಮ್ಮ ಪರೀಕ್ಷೆಯ ಭಾಷೆಯಲ್ಲಿ ಹೇಳುವುದಾದರೆ, ಬಿಟ್ಟ ಸ್ಥಳ ತುಂಬುವುದಕ್ಕಿಂತ ಬಹುಆಯ್ಕೆಯ ಪ್ರಶ್ನೆ ಸುಲಭ. ಹಳೆಯ ಪುಟ ಬಹುಆಯ್ಕೆಯ ಪ್ರಶ್ನೆ. 'ರಿನ್ಯೂವಲ್' ಎಂಬ ಪದ ಅಲ್ಲಿ ಬರೆದಿತ್ತು, ಕಂಡರೆ ಸಾಕಿತ್ತು. ಹೊಸದರಲ್ಲಿ ಅಂಥದ್ದೊಂದು ಇದೆ ಎಂದು ಮೊದಲೇ ಗೊತ್ತಿದ್ದವರು ಮಾತ್ರ ಹುಡುಕಿಕೊಂಡು ಹೋಗಬಲ್ಲರು.

ಆ ಹುಡುಗ ಎಡವಿದ್ದು ಇಲ್ಲೇ. ಎರಡು ಬಗೆಯ ಅರ್ಜಿಗಳಿವೆ ಎಂಬ ಸಂಗತಿಯನ್ನೇ ಹೊಸ ಪುಟ ಅವನಿಗೆ ಹೇಳಲಿಲ್ಲ. ತುಂಬಿದ ಪುಟ ದಾರಿಯನ್ನಷ್ಟೇ ತೋರಿಸುವುದಿಲ್ಲ, ಏನೇನು ದಾರಿಗಳಿವೆ ಎಂಬುದನ್ನೂ ತಿಳಿಸುತ್ತದೆ.

ಖಾಲಿ ಪುಟಗಳು ಎಲ್ಲಿಂದ ಬಂದವು?

ಹಳೆಯ ಪುಟಗಳು ಒತ್ತೊತ್ತಾಗಿ ಇದ್ದುದು ಯಾರೋ ಬುದ್ಧಿವಂತರು ಯೋಚಿಸಿ ಮಾಡಿದ್ದರಿಂದ ಎಂದುಕೊಳ್ಳಬೇಡಿ. ಅದು ಅನಿವಾರ್ಯದ ಕೂಸು. ಫೋನ್ ತಂತಿಯ ಮೇಲೆ ಇಂಟರ್ನೆಟ್ ಬರುತ್ತಿದ್ದ ಕಾಲದ ಮೋಡೆಮ್‌ನ ವೇಗ ಹೆಚ್ಚೆಂದರೆ ಸೆಕೆಂಡಿಗೆ 56 ಕಿಲೋಬಿಟ್. ಲೆಕ್ಕ ಹಾಕಿ ನೋಡಿ: 30 ಕಿಲೋಬೈಟ್‌ನ ಅಕ್ಷರದ ಪುಟ ಸುಮಾರು 4 ಸೆಕೆಂಡಿನಲ್ಲಿ ಬರುತ್ತದೆ. ಇಂದಿನ ಫೋಟೋ ತುಂಬಿದ 2 ಮೆಗಾಬೈಟ್ ಪುಟವನ್ನು ಅದೇ ತಂತಿಯಲ್ಲಿ ತರಿಸಿದರೆ ಹತ್ತಿರ ಹತ್ತಿರ 5 ನಿಮಿಷ. ಒಂದೊಂದು ಕ್ಲಿಕ್ಕಿಗೂ ಕಾಯಬೇಕಾಗಿದ್ದ, ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಎಂದು ದುಡ್ಡು ಕೊಡಬೇಕಾಗಿದ್ದ ಕಾಲದಲ್ಲಿ, ಒಮ್ಮೆ ತೆರೆದ ಪುಟದಲ್ಲೇ ಎಲ್ಲವನ್ನೂ ಅಕ್ಷರದಲ್ಲಿ ತುಂಬಿಸಿಡುವುದು ಸಹಜವಾಗಿತ್ತು.

2007ರಲ್ಲಿ ಐಫೋನ್ ಬಂತು. ಬಳಿಕ ಜನ ಪುಟಗಳನ್ನು ಅಂಗೈಯಗಲದ ಪರದೆಯಲ್ಲಿ ನೋಡತೊಡಗಿದರು. ಮೌಸ್‌ನ ಮೊನೆ ಸೂಜಿಯಂತೆ, ಬೆರಳಿನ ತುದಿ ದಪ್ಪ. ಬೆರಳಿಗೆ ಸಿಗುವ ಗುಂಡಿ ಕನಿಷ್ಠ 44 ಪಾಯಿಂಟ್ ಇರಲಿ ಎಂದು ಆ್ಯಪಲ್ ಸಲಹೆ ಮಾಡಿತು. 2010ರಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಕಾರರು, ಒಂದೇ ಪುಟ ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ವಿಧಾನವನ್ನು ವಿವರಿಸಿ ಲೇಖನ ಬರೆದರು. ಒಳ್ಳೆಯ ವಿಧಾನವೇ. ಆದರೆ ಅನೇಕರು ಅದನ್ನು ಅರ್ಧ ಮಾತ್ರ ಪಾಲಿಸಿದರು. ಮೊಬೈಲಿಗಾಗಿ ತೆಳ್ಳಗೆ ಮಾಡಿದ ಪುಟವನ್ನೇ ದೊಡ್ಡ ಪರದೆಗೂ ಎಳೆದು ಹಾಸಿದರು. ನಮ್ಮ ಲ್ಯಾಬಿನ ಮಾನಿಟರ್‌ನಲ್ಲಿ ಒಂದು ಗುಂಡಿ, ಸುತ್ತ ಬಯಲು ಕಾಣುವುದು ಈ ಕಾರಣದಿಂದ.

ಮೂರು ಗೆರೆಯ ಚಿಹ್ನೆಗೂ ಒಂದು ಕತೆಯಿದೆ. ಅದು ಮೊಬೈಲಿನ ಜೊತೆ ಹುಟ್ಟಿದ್ದಲ್ಲ. 1981ರಲ್ಲಿ ಮಾರುಕಟ್ಟೆಗೆ ಬಂದ ಝೆರಾಕ್ಸ್ ಸ್ಟಾರ್ ಎಂಬ ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ಎಂಬವರು ಬರೆದ ಗುರುತು ಅದು. ದಶಕಗಳ ನಂತರ ಮೊಬೈಲ್ ಅದಕ್ಕೆ ಮರುಜೀವ ಕೊಟ್ಟಿತು. ಜಾಗವಿಲ್ಲದ ಕಡೆ ಅದು ಉಪಕಾರಿ. ಜಾಗ ಬೇಕಾದಷ್ಟಿರುವ ಪರದೆಯಲ್ಲೂ ಆಯ್ಕೆಗಳನ್ನು ಅದರ ಹಿಂದೆ ತುರುಕುವುದಕ್ಕೆ ಫ್ಯಾಷನ್ ಹೊರತು ಬೇರೆ ಕಾರಣ ನನಗೆ ಕಾಣುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಹೊಸ ವಿನ್ಯಾಸವನ್ನು ಒಪ್ಪುವವರು ಅದನ್ನು ಸಭೆಯಲ್ಲಿ ದೊಡ್ಡ ಪರದೆಯ ಮೇಲೆ ಒಮ್ಮೆ ನೋಡುತ್ತಾರೆ, ಬಳಸುವುದಿಲ್ಲ. ಒಮ್ಮೆ ನೋಡುವವರ ಕಣ್ಣಿಗೆ ಖಾಲಿ ಪುಟವೇ ಚಂದ. ನಾನೂ ತರಗತಿಯಲ್ಲಿ ಮಾಡಿದ್ದು ಅದನ್ನೇ ಅಲ್ಲವೇ? ನಾನು ಆ ಪುಟವನ್ನು ನೋಡಿದ್ದೆ, ಅರ್ಜಿ ಹಾಕಿರಲಿಲ್ಲ.

ವಿಕಿಪೀಡಿಯದಲ್ಲಿ ಆದದ್ದು

ನೀವೆಲ್ಲ ಬಳಸುವ ವಿಕಿಪೀಡಿಯದಲ್ಲೇ ಈ ಜಗಳ ನಡೆದಿದೆ. 2023ರ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯ 'ವೆಕ್ಟರ್ 2022' ಎಂಬ ಹೊಸ ರೂಪಕ್ಕೆ ಬದಲಾಯಿತು. ಅದಕ್ಕೆ ಮುಂಚೆ ಇದ್ದದ್ದು 2010ರ ವೆಕ್ಟರ್. ಹೊಸದರಲ್ಲಿ ಬರಹದ ಅಗಲಕ್ಕೆ ಮಿತಿ ಹಾಕಿದರು. ದೊಡ್ಡ ಪರದೆಯಲ್ಲಿ ಎರಡೂ ಬದಿ ಬಿಳಿ ಜಾಗ ಬಿತ್ತು. ಎಡಗಡೆಯ ಪಟ್ಟಿ ಮಡಚುವಂತಾಯಿತು, ಪರಿವಿಡಿ ಬದಿಗೆ ಬಂತು. ಸಂಪಾದಕರಲ್ಲಿ ಬಹಳಷ್ಟು ಮಂದಿ ವಿರೋಧಿಸಿದರು, ದೀರ್ಘ ಚರ್ಚೆ ನಡೆಯಿತು. ಹೊಸ ರೂಪವೇ ಉಳಿಯಿತು, ಆದರೆ ಖಾತೆ ಇದ್ದವರು ತಮ್ಮ ಆದ್ಯತೆಗಳಲ್ಲಿ ಹಳೆಯದನ್ನು ಈಗಲೂ ಆರಿಸಿಕೊಳ್ಳಬಹುದು.

ಇದರಲ್ಲಿ ಯಾರ ಪಕ್ಷ ಸರಿ? ನನ್ನ ಪ್ರಕಾರ ಒಂದೊಂದು ಬದಲಾವಣೆಗೆ ಒಂದೊಂದು ಉತ್ತರ. ಸಾಲಿನ ಅಗಲ ಕಡಿಮೆ ಮಾಡಿದ್ದಕ್ಕೆ ಆಧಾರವಿದೆ. ಒಂದು ಸಾಲಿನಲ್ಲಿ 45ರಿಂದ 75 ಅಕ್ಷರ ಇದ್ದರೆ ಓದಲು ಸುಲಭ ಎಂಬುದು ಇಂಗ್ಲಿಷ್ ಮುದ್ರಣದವರ ಹಳೆಯ ಅನುಭವ. ಸಾಲು ತೀರಾ ಉದ್ದವಾದರೆ ಕಣ್ಣು ಮುಂದಿನ ಸಾಲಿನ ಮೊದಲನ್ನು ಹುಡುಕುವಾಗ ತಪ್ಪುತ್ತದೆ. ಪತ್ರಿಕೆಗಳು ಪುಟವನ್ನು ಕಾಲಂಗಳಾಗಿ ಸೀಳಿದ್ದೂ ಇದಕ್ಕೇ. ಇತಿಹಾಸದ ಒಂದು ದೀರ್ಘ ಲೇಖನವನ್ನು ಕೂತು ಓದುವವರಿಗೆ ಹೊಸ ರೂಪವೇ ಹಿತ. ಅದೇ ಪುಟದಲ್ಲಿ ಹತ್ತು ಕಾಲಂಗಳ ಕೋಷ್ಟಕ ಇದ್ದರೆ ಹಳೆಯ ಅಗಲವೇ ಬೇಕು. ಅಗಲ ಹಿಗ್ಗಿಸಿಕೊಳ್ಳುವ ಆಯ್ಕೆ ಈಗ ಪುಟದಲ್ಲೇ ಇದೆ, ಬಳಸಿ.

ಆದರೆ ಭಾಷೆಗಳ ಪಟ್ಟಿಯ ವಿಷಯದಲ್ಲಿ ನಾನು ಹಳೆಯದರ ಪಕ್ಷ. ಮೊದಲು ಎಡಗಡೆಯಲ್ಲಿ ಬೇರೆ ಭಾಷೆಗಳ ಹೆಸರುಗಳು ಆಯಾ ಲಿಪಿಯಲ್ಲೇ ಬರೆದಿರುತ್ತಿದ್ದವು. ಇಂಗ್ಲಿಷಿನಲ್ಲಿ ದ್ಯುತಿಸಂಶ್ಲೇಷಣೆಯ ಪಾಠ ಓದುತ್ತಿದ್ದ ಹುಡುಗಿಗೆ ಬದಿಯಲ್ಲಿ 'ಕನ್ನಡ' ಎಂಬ ಪದ ಕಾಣುತ್ತಿತ್ತು, ಕೆಲವರಿಗೆ ಉರ್ದು ಲಿಪಿ ಕಾಣುತ್ತಿತ್ತು. ಒತ್ತಿದರೆ ತನ್ನ ಭಾಷೆಯ ಲೇಖನ. ಈಗ ಶೀರ್ಷಿಕೆಯ ಪಕ್ಕ ಒಂದು ಗುಂಡಿ, ಅದರಲ್ಲಿ ಎಷ್ಟು ಭಾಷೆಗಳಿವೆ ಎಂಬ ಸಂಖ್ಯೆ. ಆ ಸಂಖ್ಯೆಯೊಳಗೆ ಕನ್ನಡ ಇದೆಯೋ ಇಲ್ಲವೋ ಎಂದು ಒತ್ತಿಯೇ ನೋಡಬೇಕು. ಕನ್ನಡ ವಿಕಿಪೀಡಿಯ ಎಂಬುದೊಂದು ಇದೆ ಎಂದೇ ತಿಳಿಯದವಳು ಯಾಕಾಗಿ ಒತ್ತುತ್ತಾಳೆ? ಗುಂಡಿ ಮೇಲೆ ಬಂದದ್ದರಿಂದ ಕೆಲವರಿಗೆ ಅನುಕೂಲವಾಗಿರಬಹುದು. ಸ್ಕಾಲರ್‌ಶಿಪ್ ಪುಟದ ಕತೆಯೇ ಇಲ್ಲೂ ಚಿಕ್ಕದಾಗಿ ನಡೆದಿದೆ ಎಂದು ನನಗೆ ಅನಿಸುತ್ತದೆ.

ಬದಲಾಗದೆ ಬದುಕಿದವುಗಳೂ ಇವೆ. ಕ್ರೇಗ್ ನ್ಯೂಮಾರ್ಕ್ 1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೆಳೆಯರಿಗೆ ಕಳಿಸುವ ಇಮೇಲ್ ಪಟ್ಟಿಯಾಗಿ ಶುರು ಮಾಡಿದ ಕ್ರೇಗ್ಸ್‌ಲಿಸ್ಟ್ ಇವತ್ತಿಗೂ ಕಾಲಂ ಕಾಲಂ ನೀಲಿ ಅಕ್ಷರಗಳ ಪುಟವೇ. ನಮ್ಮ ಪತ್ರಿಕೆಗಳ ವರ್ಗೀಕೃತ ಜಾಹೀರಾತಿನ ಪುಟ ನೋಡಿದ ಹಾಗೆ. ಜಪಾನಿನ ಯಾಹೂ ಮುಖಪುಟವೂ ಸುದ್ದಿ, ಹವಾಮಾನ, ಸೇವೆಗಳಿಂದ ಕಿಕ್ಕಿರಿದಿರುತ್ತದೆ.

ವಾಣಿಜ್ಯ ವಿಭಾಗದವರು ಬ್ಲೂಮ್‌ಬರ್ಗ್ ಟರ್ಮಿನಲ್ ಬಗ್ಗೆ ಕೇಳಿರಬಹುದು. ಷೇರು, ಸಾಲಪತ್ರ, ಕರೆನ್ಸಿ ವ್ಯವಹಾರ ಮಾಡುವವರ ಮೇಜಿನ ಮೇಲಿರುವ ಈ ವ್ಯವಸ್ಥೆ 1980ರ ದಶಕದ ಆರಂಭದ್ದು. ಕಪ್ಪು ಹಿನ್ನೆಲೆ, ಕಿತ್ತಳೆ ಅಕ್ಷರ, ಪರದೆಯ ತುಂಬ ಅಂಕಿ. ವರ್ಷಕ್ಕೆ ಒಬ್ಬರಿಗೆ 20,000 ಡಾಲರಿಗಿಂತ ಹೆಚ್ಚು ಶುಲ್ಕ ಕೊಟ್ಟು ಜನ ಇದನ್ನು ಬಳಸುತ್ತಾರೆ. ಅವರಿಗೆ ಒಂದೊಂದು ಕ್ಷಣಕ್ಕೂ ಬೆಲೆ ಇದೆ, ಹಾಗಾಗಿ ಗುಂಡಿ ಒತ್ತಿ ಒತ್ತಿ ಒಳಗೆ ಹೋಗುವ ಪುಟ ಅವರಿಗೆ ಬೇಡ. ಚಂದಕ್ಕಾಗಿ ಅಂಕಿಗಳನ್ನು ಬಚ್ಚಿಟ್ಟರೆ ಅವರು ಸುಮ್ಮನಿರುತ್ತಾರೆಯೇ? ಸ್ಕಾಲರ್‌ಶಿಪ್ಪಿನ ಹುಡುಗನ ಕ್ಷಣಕ್ಕೂ ಬೆಲೆ ಇತ್ತು. ಅವನ ದೂರನ್ನು ಕೇಳುವವರು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಅಭ್ಯಾಸ ಯಾವುದು, ನಷ್ಟ ಯಾವುದು?

ಇಷ್ಟು ಹೇಳಿದ ಮೇಲೆ ಎದುರು ವಾದವನ್ನೂ ಕೇಳಬೇಕು. ರಾಬರ್ಟ್ ಝಯಾಂಕ್ ಎಂಬ ಮನಃಶಾಸ್ತ್ರಜ್ಞರು 1968ರಲ್ಲಿ ತೋರಿಸಿದಂತೆ, ಯಾವುದೇ ವಸ್ತುವನ್ನು ಮತ್ತೆ ಮತ್ತೆ ನೋಡಿದಷ್ಟಕ್ಕೇ ಅದು ನಮಗೆ ಇಷ್ಟವಾಗತೊಡಗುತ್ತದೆ. 2023ರಲ್ಲಿ 'ಹಳೆಯ ವಿಕಿಪೀಡಿಯ' ಎಂದು ಜನ ಪ್ರೀತಿಸಿದ್ದು 2010ರಲ್ಲಿ ಹೊಸತಾಗಿ ಬಂದ ರೂಪವನ್ನೇ. ಅದಕ್ಕೂ ಹಿಂದೆ ಮೋನೋಬುಕ್ ಎಂಬ ಬೇರೊಂದಿತ್ತು. ಅಡುಗೆಮನೆಯಲ್ಲಿ ಡಬ್ಬಿಗಳ ಜಾಗ ಬದಲಿಸಿ ನೋಡಿ, ಅಮ್ಮ ಒಂದು ವಾರ ಗೊಣಗುತ್ತಾರೆ, ಆಮೇಲೆ ಕೈ ತಾನಾಗಿ ಹೊಸ ಜಾಗಕ್ಕೆ ಹೋಗುತ್ತದೆ. ಅದು ಅಭ್ಯಾಸ. ಉಪ್ಪಿನ ಡಬ್ಬಿಯನ್ನೇ ಅಟ್ಟದ ಮೇಲಿಟ್ಟರೆ? ವರ್ಷ ಕಳೆದರೂ ಏಣಿ ಹತ್ತಲೇಬೇಕು. ಇದು ನಷ್ಟ.

ಎರಡನ್ನೂ ಬೇರ್ಪಡಿಸಲು ನಾನು ಈಗ ತರಗತಿಯಲ್ಲಿ ಒಂದು ಸರಳ ಕೆಲಸ ಮಾಡಿಸುತ್ತೇನೆ. ಒಂದೇ ಕೆಲಸಕ್ಕೆ ಹಳೆಯ ರೂಪದಲ್ಲಿ ಎಷ್ಟು ಸಲ ಒತ್ತಬೇಕು, ಹೊಸದರಲ್ಲಿ ಎಷ್ಟು ಸಲ ಎಂದು ಎಣಿಸುವುದು. ನಡುವೆ ಏನನ್ನಾದರೂ ನೆನಪಿಟ್ಟುಕೊಳ್ಳಬೇಕಾಯಿತೇ ಎಂದು ಬರೆದುಕೊಳ್ಳುವುದು. ಆ ತಾಣವನ್ನು ಹಿಂದೆಂದೂ ನೋಡದವರನ್ನು ಕೂರಿಸಿ, ಏನೂ ಹೇಳಿಕೊಡದೆ, ಪಕ್ಕದಲ್ಲಿ ಸುಮ್ಮನೆ ನಿಲ್ಲುವುದು. ಈ ಸುಮ್ಮನೆ ನಿಲ್ಲುವುದೇ ಎಲ್ಲಕ್ಕಿಂತ ಕಷ್ಟ, ನಾಲಿಗೆ ತುರಿಸುತ್ತದೆ. ಹಳೆಯದನ್ನು ಬಳಸಿ ಪಳಗಿದವರು ಮಾತ್ರ ಹೊಸದರಲ್ಲಿ ತಡವರಿಸಿದರೆ ಅದು ಅಭ್ಯಾಸದ ಮಾತು, ಕೆಲವು ವಾರ ಕಾಯೋಣ. ಎಂದೂ ನೋಡದವರೂ ಹೊಸದರಲ್ಲೇ ಹೆಚ್ಚು ತಡವರಿಸಿದರೆ ಏನೋ ಕಳೆದುಹೋಗಿದೆ.

ಹಾಗೆಂದು ಹಳೆಯ ಪುಟವನ್ನು ಇದ್ದ ಹಾಗೆ ತಂದಿಡಿ ಎಂದು ನಾನು ಹೇಳುವುದಿಲ್ಲ. ಮಿನುಗುವ ಕೆಂಪಕ್ಷರ, ಓದುವಷ್ಟರಲ್ಲಿ ಓಡಿಹೋಗುವ ಸೂಚನೆ, ಹಿನ್ನೆಲೆಗೂ ಅಕ್ಷರಕ್ಕೂ ಒಂದೇ ತರದ ಬಣ್ಣ, ಇವು ಬೇಡವೇ ಬೇಡ. ಕಣ್ಣು ಮಂದವಿರುವವರಿಗೆ ಸಣ್ಣ ಅಕ್ಷರ ಶಿಕ್ಷೆ. ಟೇಬಲ್ ಮೊಬೈಲಿನಲ್ಲಿ ಅಡ್ಡಕ್ಕೆ ಸರಿಯುತ್ತದೆ, ಅದೂ ಕಿರಿಕಿರಿಯೇ. ಮತ್ತು ಒತ್ತೊತ್ತಾಗಿರುವುದು ಬೇರೆ, ಚೆಲ್ಲಾಪಿಲ್ಲಿಯಾಗಿರುವುದು ಬೇರೆ. ರೈಲ್ವೆ ವೇಳಾಪಟ್ಟಿಯಲ್ಲಿ ಅಂಕಿಗಳು ಕಿಕ್ಕಿರಿದಿದ್ದರೂ ಪ್ರತಿಯೊಂದಕ್ಕೂ ಅದರದೇ ಸಾಲು, ಅದರದೇ ಕಾಲಂ ಇದೆ.

ಆ ಜಾಲತಾಣದವರಿಗೆ ನಾವು ಪತ್ರ ಬರೆದೆವು. ಸ್ವೀಕರಿಸಲಾಗಿದೆ ಎಂಬ ಉತ್ತರ ಬಂದಿದೆ, ಪುಟ ಹಾಗೆಯೇ ಇದೆ. ಅಷ್ಟರಲ್ಲಿ ದ್ವಿತೀಯ ಪಿಯುಸಿಯವರು ಲ್ಯಾಬಿನಲ್ಲಿ ಎಚ್‌ಟಿಎಂಎಲ್ ಟೇಬಲ್ ಮಾಡುವ ಅಭ್ಯಾಸಕ್ಕೆ ಕಾಲ್ಪನಿಕ ಅಂಕಪಟ್ಟಿ ಬಿಟ್ಟು ಇದನ್ನೇ ಎತ್ತಿಕೊಂಡರು. ನಮ್ಮ ಕಾಲೇಜಿನವರು ಹಾಕಬಹುದಾದ ಸ್ಕಾಲರ್‌ಶಿಪ್‌ಗಳೆಲ್ಲ ಒಂದೇ ಟೇಬಲ್ಲಿನಲ್ಲಿ: ಯಾರಿಗೆ, ಯಾವ ದಾಖಲೆ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಬೇಕೇ, ಫ್ರೆಶ್‌ಗೆ ದಾರಿ ಯಾವುದು, ರಿನ್ಯೂವಲ್‌ಗೆ ದಾರಿ ಯಾವುದು. ಮೊದಲ ಪ್ರತಿಯಲ್ಲಿ ಅಕ್ಷರ ತೀರಾ ಚಿಕ್ಕದಾಯಿತು ಎಂದು ಆಫೀಸಿನ ಅಟೆಂಡರ್ ಅಣ್ಣ ವಾಪಸ್ ಕಳಿಸಿದರು. ಎರಡನೆಯದನ್ನು ಎ-3 ಹಾಳೆಯಲ್ಲಿ ಮುದ್ರಿಸಿ ಕಚೇರಿಯ ಪಕ್ಕದ ನೋಟಿಸ್ ಬೋರ್ಡಿಗೆ ಅಂಟಿಸಿದ್ದೇವೆ. ರಿನ್ಯೂವಲ್ ಕಾಲಂಗೆ ಹಳದಿ ಬಣ್ಣ ತುಂಬಿದ್ದು ಆ ಹುಡುಗನೇ. ಎಲ್ಲರೂ ಅದರ ಫೋಟೋ ತೆಗೆದುಕೊಳ್ಳಿ. ಕೊನೆಯ ದಿನಾಂಕದ ಕಾಲಂ ಇನ್ನೂ ಖಾಲಿ ಇದೆ. ದಿನಾಂಕ ಪ್ರಕಟವಾದ ಕೂಡಲೇ ಪೆನ್ನಿನಲ್ಲಿ ಬರೆಯುತ್ತೇವೆ, ಆಗ ಇನ್ನೊಂದು ಫೋಟೋ ತೆಗೆಯಬೇಕಾಗುತ್ತದೆ.